ನೀರಿನೊಳಗೇ ಎರಡು ಪದರ

ಬೋಧನಾಭ್ಯಾಸದ ಎರಡನೇ ವಾರ. ಬಾಳೆಹೊನ್ನೂರಿನ ಪ್ರೌಢಶಾಲೆಯೊಂದರ ಒಂಬತ್ತನೇ ತರಗತಿಗೆ ಮಿಶ್ರಣಗಳನ್ನು ಬೇರ್ಪಡಿಸುವ ಪಾಠ ಮಾಡುತ್ತಿದ್ದೆ. ಆಲಿಕೆಯಲ್ಲಿ ಕೊಬ್ಬರಿ ಎಣ್ಣೆ ಮೇಲೆ, ನೀರು ಕೆಳಗೆ ನಿಂತಾಗ ಹುಡುಗಿಯೊಬ್ಬಳು ಕೇಳಿದಳು: “ಜೋನಿಬೆಲ್ಲದ ಮೇಲೆ ಮೆಲ್ಲಗೆ ನೀರು ಬಿಟ್ರೆ ಅದೂ ಬೇರೆ ನಿಲ್ಲತ್ತಲ್ಲ ಮಿಸ್?”

“ಕಲಕಿದರೆ ಸೇರಿಹೋಗುತ್ತದೆ. ನೀರು ನೀರಿನಿಂದ ಎಂದೂ ಬೇರೆಯಾಗುವುದಿಲ್ಲ, ಕೂತ್ಕೋ” ಎಂದೆ.

ಮೊದಲ ಮಾತು ಸರಿ, ಎರಡನೆಯದು ತಪ್ಪು. ಮಾರ್ಗದರ್ಶಕ ಶಿಕ್ಷಕರು ವೀಕ್ಷಣಾ ಪುಸ್ತಕದಲ್ಲಿ ನನ್ನ ವಾಕ್ಯವನ್ನು ಬರೆದು ‘ಎಂದೂ’ ಪದದ ಕೆಳಗೆ ಗೆರೆ ಎಳೆದಿದ್ದರು. ಹುಡುಗಿ ಮುಂದಿನ ಎರಡು ಅವಧಿಗಳಲ್ಲಿ ಕೈ ಎತ್ತಲಿಲ್ಲ.

ಆ ರಾತ್ರಿ ಬಿ.ಎಸ್ಸಿ. ಟಿಪ್ಪಣಿಗಳನ್ನು ತೆರೆದೆ. ಜೆಲಾಟಿನ್ ಮತ್ತು ಅಗರ್‌ನ ನೀರಿನ ದ್ರಾವಣಗಳು ಬೆರೆಯದೆ ಬೇರೆ ನಿಲ್ಲುವುದನ್ನು ಬೈಯರಿಂಕ್ 1896ರಲ್ಲೇ ಕಂಡಿದ್ದರು. 1950ರ ದಶಕದಲ್ಲಿ ಸ್ವೀಡನ್ನಿನ ಆಲ್ಬರ್ಟ್‌ಸನ್ ಇದನ್ನು ಜೈವಿಕ ಅಣುಗಳನ್ನು ಬೇರ್ಪಡಿಸುವ ವಿಧಾನವಾಗಿಸಿದರು. ನಮ್ಮ ಮೈಸೂರಿನ ಸಿ.ಎಫ್.ಟಿ.ಆರ್.ಐ.ಯಲ್ಲಿ ಅನಾನಸಿನ ಬ್ರೊಮೆಲೈನ್ ಕಿಣ್ವ, ಬೀಟ್‌ರೂಟಿನ ಬಣ್ಣಗಳನ್ನು ಹೀಗೆಯೇ ಬೇರ್ಪಡಿಸಿದ್ದಾರೆ. ಸಾವಯವ ದ್ರಾವಕಗಳಲ್ಲಿ ಅನೇಕ ಕಿಣ್ವಗಳು ಕೆಡುತ್ತವೆ. ಇಲ್ಲಿ ಎರಡೂ ಪದರಗಳಲ್ಲಿ ಹೆಚ್ಚಿನ ಪಾಲು ನೀರೇ ಇರುವುದರಿಂದ ಅವು ಉಳಿಯುತ್ತವೆ. ಬೇಕಾದ ಅಣು ಸೇರುವ ಪದರವನ್ನು ಚಿಕ್ಕದಾಗಿಸಿದರೆ ಅದು ಅಲ್ಲಿ ಸಾಂದ್ರವೂ ಆಗುತ್ತದೆ.

ನಾಲ್ಕನೇ ಅವಧಿಗೆ ಪಾಠಯೋಜನೆ ಬದಲಿಸಿದೆ. “ಮೊನ್ನೆ ನಾನು ಹೇಳಿದ್ದು ತಪ್ಪು” ಎಂದೇ ಶುರುಮಾಡಿದೆ. ತರಗತಿ ಗಪ್‌ಚುಪ್ಪಾಯಿತು. ಕಾಲೇಜಿನ ಪ್ರಯೋಗಾಲಯದಿಂದ ತಂದ ಪಾಲಿಎಥಿಲೀನ್ ಗ್ಲೈಕಾಲ್ 6000 ಮತ್ತು ಅಮೋನಿಯಂ ಸಲ್ಫೇಟ್ ತಲಾ 15 ಗ್ರಾಂ, ಬೀಟ್‌ರೂಟ್ ರಸ ಬೆರೆಸಿದ ನೀರು 70 ಗ್ರಾಂ. ಕಲಕುವ ಕೆಲಸ ಅವಳಿಗೇ ಕೊಟ್ಟೆ. ಮೊದಲು ಬರೀ ಕದಡು. ಸ್ವಲ್ಪ ಹೊತ್ತು ಬಿಟ್ಟಾಗ ಪದರಗಳು ಬಿಡಿಸಿಕೊಂಡವು. ಕೆಂಪು ಹೆಚ್ಚಾಗಿ ಮೇಲಿನದರಲ್ಲಿ ಸೇರಿತ್ತು. ಉಪ್ಪು ನೀರನ್ನು ತನ್ನತ್ತ ಎಳೆದುಕೊಳ್ಳುತ್ತದೆ, ಉದ್ದ ಸರಪಳಿಯ ಪಾಲಿಮರ್ ತನ್ನ ಪಾಲಿನ ನೀರಿನೊಂದಿಗೆ ಪ್ರತ್ಯೇಕವಾಗುತ್ತದೆ ಎಂದು ವಿವರಿಸಿದೆ.

“ಹಂಗಾರೆ ಬೆಲ್ಲಕ್ಕೆ ಯಾಕಾಗಲ್ಲ ಮಿಸ್?” ಅವಳ ಕೈ ಮತ್ತೆ ಮೇಲಿತ್ತು.

“ಸಕ್ಕರೆಯ ಅಣುವಿಗೂ ಈ ಪಾಲಿಮರಿಗೂ ಏನು ವ್ಯತ್ಯಾಸ? ನೀವೇ ಹೇಳಿ” ಎಂದು ಇಡೀ ತರಗತಿಗೆ ಕೇಳಿದೆ. ಹಿಂದಿನ ಬೆಂಚಿನಿಂದ ಉತ್ತರ ಬಂತು: “ಸಕ್ಕರೆ ಗಿಡ್ಡ ಮಿಸ್!”

ಆ ದಿನದ ವೀಕ್ಷಣಾ ಪುಟದಲ್ಲಿ ಯಾವ ಪದದ ಕೆಳಗೂ ಗೆರೆ ಇರಲಿಲ್ಲ. ನನ್ನ ಪಾಠಯೋಜನೆಯಲ್ಲಿ ‘ಎಂದೂ’ ಎಂದು ಬರೆಯುವ ಮೊದಲು ಈಗ ಒಮ್ಮೆ ನಿಲ್ಲುತ್ತೇನೆ.