ಮಗ್ಗಿಯು ಹಾಡಾದ ಬಗೆ

ಬಾಲಕರ ನಾಲಗೆಗೆ ಹಾಡು ಹತ್ತುವಷ್ಟು ಸುಲಭವಾಗಿ ಮಗ್ಗಿ ಹತ್ತುವುದಿಲ್ಲವೆಂಬುದು ಉಪಾಧ್ಯಾಯರೆಲ್ಲರಿಗೂ ವಿದಿತವಾದ ಸಂಗತಿ. ಇದೇ ಅನುಭವವು 1970ರ ದಶಕದ ಆರಂಭದಲ್ಲಿ ನ್ಯೂಯಾರ್ಕ್ ನಗರದ ಜಾಹೀರಾತು ಸಂಸ್ಥೆಯೊಂದರ ಮುಖ್ಯಸ್ಥರಾಗಿದ್ದ ಡೇವಿಡ್ ಮೆಕಾಲ್ ಎಂಬವರಿಗೂ ಆಯಿತು. ಅವರ ಮಗನಿಗೆ ಮಗ್ಗಿ ಬಾಯಿಗೆ ಬಾರದು. ರಾಕ್ ಸಂಗೀತದ ಹಾಡುಗಳಾದರೋ ತಡವರಿಕೆಯಿಲ್ಲದೆ ಬರುತ್ತಿದ್ದವು. ಇಂತಹ ಮಗನನ್ನು ಗದರಿಸಿ ಸುಮ್ಮನಾಗುವ ತಂದೆಯರೇ ಹೆಚ್ಚು. ಮೆಕಾಲ್ ಅವರು ದೋಷವನ್ನು ಮಗನಲ್ಲಿ ಅರಸದೆ ಬೋಧನಕ್ರಮದಲ್ಲಿ ಅರಸಿದರು. ಮಗ್ಗಿಯನ್ನೇ ಹಾಡಾಗಿಸಿದರೇನು?

ಈ ಕಾರ್ಯವು ಜಾಸ್ ಸಂಗೀತಗಾರ ಬಾಬ್ ಡರೋ ಅವರಿಗೆ ಒಪ್ಪಿಸಲ್ಪಟ್ಟಿತು. ಮಕ್ಕಳಿಗಾಗಿ ಎಂದು ಮಟ್ಟವನ್ನು ಇಳಿಸಕೂಡದೆಂಬುದು ಅವರಿಗೆ ವಿಧಿಸಿದ ನಿಬಂಧನೆ. ಮೊದಲು ಮೂಡಿದುದು ಮೂರರ ಮಗ್ಗಿಯ ಹಾಡು. ಅದನ್ನು ಕೇಳಿದ ಚಿತ್ರಕಾರ ಟಾಮ್ ಯೋಹಿ ರೇಖೆಗಳನ್ನೆಳೆಯಲು, ಹಾಡಾಗಿ ಹುಟ್ಟಿದ ಯೋಚನೆಯು ಚಲಿಸುವ ಚಿತ್ರವಾಯಿತು. 1973ರ ಜನವರಿಯಿಂದ ಎಬಿಸಿ ದೂರದರ್ಶನ ಜಾಲವು ಶನಿವಾರದ ಬೆಳಗಿನ ಮಕ್ಕಳ ಕಾರ್ಯಕ್ರಮಗಳ ನಡುವೆ ಸುಮಾರು ಮೂರು ನಿಮಿಷಗಳ ಈ ಚಿತ್ರಗಳನ್ನು ಬಿತ್ತರಿಸತೊಡಗಿತು. ‘ಸ್ಕೂಲ್‌ಹೌಸ್ ರಾಕ್’ ಎಂದು ಹೆಸರಾದ ಮಾಲಿಕೆ ಇದೇ. ಗುಣಾಕಾರವಾದ ಮೇಲೆ ವ್ಯಾಕರಣ, ಇತಿಹಾಸ, ವಿಜ್ಞಾನಗಳೂ ಹಾಡಾದವು. 1985ರಲ್ಲಿ ನಿಂತ ಮಾಲಿಕೆಯು 1990ರ ದಶಕದಲ್ಲಿ ಮತ್ತೆ ತಲೆಯೆತ್ತಿತು.

ಹಾಡು ಕಂಠಕ್ಕೆ, ಚಿತ್ರವು ಬುದ್ಧಿಗೆ ಎಂಬುದು ಇದರ ಮರ್ಮ. ಸಮುಚ್ಚಯ, ವಿಕಲ್ಪಗಳನ್ನು ಹೇಳುವ ಅವ್ಯಯಗಳನ್ನು ಬೋಧಿಸಬೇಕಾದಲ್ಲಿ ಲಕ್ಷಣವಾಕ್ಯವಿಲ್ಲ. ರೈಲ್ವೆ ನೌಕರನೊಬ್ಬನು ಡಬ್ಬಿಗಳನ್ನು ಕೊಂಡಿಯಿಂದ ಜೋಡಿಸುವಂತೆ ಪದಗಳನ್ನು ಜೋಡಿಸುತ್ತಾನೆ. ಹನ್ನೆರಡರ ಮಗ್ಗಿಗೆ ಹನ್ನೆರಡು ಬೆರಳುಗಳುಳ್ಳ ಅನ್ಯಲೋಕದ ಜೀವಿಯೊಂದು ಬರುತ್ತದೆ. ಮನುಷ್ಯನು ಹತ್ತು ಹತ್ತಾಗಿ ಎಣಿಸುವುದು ಹತ್ತು ಬೆರಳುಗಳ ಕಾರಣದಿಂದ ಎಂಬ ಗಹನವಾದ ತತ್ತ್ವವು ಆಟದಲ್ಲಿಯೇ ಹೊಳೆಯುತ್ತದೆ.

ಕನ್ನಡನಾಡಿಗೆ ಈ ಮಾರ್ಗವು ಅಪರಿಚಿತವಲ್ಲ. ಗಣಿತವನ್ನು ಕನ್ನಡ ಪದ್ಯಗಳಿಗೆ ಅಳವಡಿಸಿದ ರಾಜಾದಿತ್ಯನು 12ನೆಯ ಶತಮಾನದವನು. ಕೂಡಿ ಹೇಳುವ ಮಗ್ಗಿಯ ಧ್ವನಿಯನ್ನು ಬಲ್ಲ ಹಿರಿಯರು ಇಂದಿಗೂ ಇದ್ದಾರೆ.

ಆದರೆ ಹಾಡಿಗೆ ಒಂದು ಅಪಾಯವೂ ಉಂಟು. ಅಮೆರಿಕದ ಸಂವಿಧಾನದ ಪ್ರಸ್ತಾವನೆಯನ್ನು ಹಾಡಾಗಿಸಿದಾಗ, ಆರಂಭದಲ್ಲಿರುವ ದೇಶದ ಹೆಸರು ಲಯಕ್ಕೆ ಹೊಂದದೆ ಬಿಟ್ಟುಹೋಯಿತು. ಹಾಡನ್ನೇ ನಂಬಿದವನ ನಾಲಗೆಯಲ್ಲಿ ಆ ಲೋಪವೂ ಸ್ಥಿರವಾಗಿ ನಿಲ್ಲುವುದು. ಸೌರಮಂಡಲದ ಹಾಡು ಪ್ಲೂಟೊವನ್ನು ಗ್ರಹವೆಂದು ಕೊಂಡಾಡಿತು; 2006ರಲ್ಲಿ ವಿದ್ವಾಂಸರು ಅದನ್ನು ಕುಬ್ಜಗ್ರಹಗಳ ಸಾಲಿಗೆ ಸೇರಿಸಿದರು. ಶಾಸ್ತ್ರವು ತನ್ನನ್ನು ತಿದ್ದಿಕೊಳ್ಳುತ್ತದೆ. ಕಂಠಸ್ಥವಾದ ಹಾಡು ಹಾಗೆ ತಿದ್ದಿಕೊಳ್ಳಲಾರದು. ಆದಕಾರಣ ಹಾಡಿನ ಬಳಿ ತಿದ್ದುವ ಗುರುವೊಬ್ಬನು ಇರಲೇಬೇಕು.

ಡರೋ ಅವರು 2018ರಲ್ಲಿ ತಮ್ಮ 94ನೆಯ ವಯಸ್ಸಿನಲ್ಲಿ ಕಾಲವಾದರು. ಅವರ ಮೂರರ ಮಗ್ಗಿಯನ್ನು ಬಾಲ್ಯದಲ್ಲಿ ಕೇಳಿದವರು ಇಂದು ತಾವೇ ತಂದೆತಾಯಿಗಳು. ಬಾರದ ಮಗ್ಗಿಯ ಮುಂದೆ ಕಣ್ತುಂಬಿಕೊಂಡು ನಿಂತ ಮಗುವನ್ನು ಕಂಡಾಗ, ಬೆತ್ತವನ್ನು ಹುಡುಕುವ ಮುನ್ನ ಆ ಮಗುವಿನ ಬಾಯಲ್ಲಿ ಯಾವ ಹಾಡಿದೆಯೆಂದು ಆಲಿಸುವುದು ಒಳಿತು. ಕಲಿಸುವ ದಾರಿಯು ಅಲ್ಲಿಂದಲೇ ತೆರೆದೀತು.