ನಿಲ್ಲಿಸುವ ವಿದ್ಯೆ

ವಾಹನವನ್ನು ಓಡಿಸುವುದು ಒಂದು ವಿದ್ಯೆ. ಓಡುವ ವಾಹನವನ್ನು ನಿಲ್ಲಿಸುವುದು ಇನ್ನೊಂದು ವಿದ್ಯೆ. ನಿಲ್ಲಿಸಿದ ವಾಹನವನ್ನು ನಿಂತಲ್ಲಿಯೇ ಇರಿಸುವುದು ಮೂರನೆಯದು. ಮೊದಲಿನ ಎರಡನ್ನು ಕಲಿಯಲು ಎಲ್ಲರಿಗೂ ಆತುರ. ಮೂರನೆಯದರ ಬಗ್ಗೆ ಯೋಚಿಸುವವರು ವಿರಳ. ನಮ್ಮ ಹಳ್ಳಿಗಳ ಗಾಡಿ ಹೊಡೆಯುವವರು ಮಾತ್ರ ಇದನ್ನು ಚೆನ್ನಾಗಿ ಅರಿತಿದ್ದರು. ಏರಿನಲ್ಲಿ ಗಾಡಿಯನ್ನು ನಿಲ್ಲಿಸಬೇಕಾಗಿ ಬಂದರೆ, ಎತ್ತುಗಳ ಕೊರಳ ಹಗ್ಗಕ್ಕೆ ಕೈಹಾಕುವ ಮೊದಲೇ ಅವರು ಗಾಲಿಯ ಹಿಂದೆ ಒಂದು ಕಲ್ಲನ್ನು ಕೊಡುತ್ತಿದ್ದರು. ಆ ಕಲ್ಲಿನ ಬೆಲೆ ಏನೆಂಬುದು ನನಗೆ ತಿಳಿದದ್ದು ಎತ್ತಿನ ಗಾಡಿಯಿಂದಲ್ಲ, ಒಂದು ಹಳೆಯ ಲಾರಿಯಿಂದ.

ನಾನು ಕೆಲವು ವರ್ಷ ಭಾರಿ ವಾಹನಗಳ ದುರಸ್ತಿಯ ಕಾರ್ಯಾಗಾರವೊಂದರಲ್ಲಿ ಕೆಲಸ ಮಾಡಿದೆ. ಅಲ್ಲಿಗೆ ಬರುತ್ತಿದ್ದವುಗಳಲ್ಲಿ ಹೆಚ್ಚಿನವು ಸರಕು ಸಾಗಿಸುವ ಲಾರಿಗಳಲ್ಲ. ನಿಂತು ದುಡಿಯುವ ಲಾರಿಗಳು. ಅವುಗಳ ಬೆನ್ನ ಮೇಲೆ ರಾಟೆ, ಕಂಬ, ಉಕ್ಕಿನ ಹಗ್ಗ ಮೊದಲಾದುವನ್ನು ಜೋಡಿಸಿರುತ್ತಿದ್ದರು. ಕೊಳವೆ ಬಾವಿಯ ಪಂಪನ್ನು ಮೇಲೆತ್ತುವುದು, ವಿದ್ಯುತ್ ಕಂಬವನ್ನು ನೆಡುವುದು ಇವುಗಳ ಕೆಲಸ. ಇಂಥ ಲಾರಿಗೆ ಒಂದು ವಿಶೇಷ ತೊಡಕುಂಟು. ಸಾಮಾನ್ಯ ಲಾರಿಯನ್ನು ಇಳಿಜಾರಿನಲ್ಲಿ ನಿಲ್ಲಿಸಿದಾಗ ಎಂಜಿನನ್ನು ಆರಿಸಿ ಗೇರಿಗೆ ಹಾಕಿಟ್ಟರೆ ಎಂಜಿನ್ನೇ ಅದನ್ನು ಹಿಡಿದುಕೊಳ್ಳುತ್ತದೆ. ಆದರೆ ರಾಟೆ ತಿರುಗಬೇಕಾದರೆ ಎಂಜಿನ್ ಓಡುತ್ತಲೇ ಇರಬೇಕು. ಗಾಲಿಗಳಿಗೂ ಎಂಜಿನ್ನಿಗೂ ಇರುವ ಸಂಬಂಧ ಕಡಿದಿರಬೇಕು. ಆಗ ಲಾರಿಯನ್ನು ಹಿಡಿದು ನಿಲ್ಲಿಸುವ ಹೊಣೆಯೆಲ್ಲ ಬ್ರೇಕುಗಳ ಮೇಲೆ ಬೀಳುತ್ತದೆ.

ಆ ಕಾಲದ ಹಳೆಯ ಲಾರಿಗಳಲ್ಲಿ ಅನೇಕಕ್ಕೆ ಇದ್ದದ್ದು ದ್ರವದ ಬ್ರೇಕು. ಮುಚ್ಚಿದ ಪಾತ್ರೆಯಲ್ಲಿರುವ ದ್ರವವನ್ನು ಒಂದೆಡೆ ಒತ್ತಿದರೆ ಆ ಒತ್ತಡವು ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎಂಬುದನ್ನು 17ನೆಯ ಶತಮಾನದಲ್ಲಿ ಫ್ರಾನ್ಸಿನ ಬ್ಲೇಸ್ ಪಾಸ್ಕಲ್ ತೋರಿಸಿಕೊಟ್ಟನು. ಬ್ರೇಕಿನ ಮೂಲತತ್ತ್ವ ಇದೇ. 5 ಚದರ ಸೆಂಟಿಮೀಟರ್ ವಿಸ್ತಾರದ ಕೊಂತವನ್ನು 50 ಕಿಲೋಗ್ರಾಂ ಭಾರದಿಂದ ಒತ್ತಿದೆವೆಂದಿಟ್ಟುಕೊಳ್ಳೋಣ. ಒಂದೊಂದು ಚದರ ಸೆಂಟಿಮೀಟರಿನ ಮೇಲೂ 10 ಕಿಲೋಗ್ರಾಂ ಬಿದ್ದಂತಾಯಿತು. ಗಾಲಿಯ ಬಳಿ ಇರುವ ಕೊಂತದ ವಿಸ್ತಾರ 8 ಚದರ ಸೆಂಟಿಮೀಟರ್ ಆಗಿದ್ದರೆ ಅದು 80 ಕಿಲೋಗ್ರಾಂ ಬಲದಿಂದ ಬ್ರೇಕಿನ ಲಾಳಗಳನ್ನು ಡ್ರಮ್ಮಿಗೆ ಒತ್ತುತ್ತದೆ. ಪಾದದ ಅಲ್ಪ ಬಲ ನಾಲ್ಕು ಗಾಲಿಗಳಲ್ಲಿಯೂ ಹಿಗ್ಗುವುದು ಹೀಗೆ. 1921ರ ವೇಳೆಗೆ ಅಮೆರಿಕದ ಡ್ಯೂಸೆನ್‌ಬರ್ಗ್ ಕಾರಿನ ನಾಲ್ಕೂ ಗಾಲಿಗಳಿಗೆ ಇಂಥ ಬ್ರೇಕು ಬಂದಿತ್ತು. ಮುಂದೆ ಲಾರಿಗಳಿಗೂ ಹರಡಿತು.

ಆದರೆ ಚಾಲಕನು ಪಾದವನ್ನು ತೆಗೆದೊಡನೆ ಈ ಹಿಡಿತವು ಸಡಿಲುತ್ತದೆ. ಆಮೇಲೆ ಉಳಿಯುವುದು ಕೈಬ್ರೇಕು. ಹಳೆಯ ಲಾರಿಗಳಲ್ಲಿ ಕೆಲವಕ್ಕೆ ಕೈಬ್ರೇಕು ಗಾಲಿಗಳ ಮೇಲೆ ಇರಲಿಲ್ಲ; ಎಂಜಿನ್ನಿನ ಶಕ್ತಿಯನ್ನು ಹಿಂದಿನ ಅಚ್ಚಿಗೆ ಒಯ್ಯುವ ತಿರುಗುದಂಡದ ಮೇಲೆ ಇತ್ತು. ದಂಡವನ್ನು ಹಿಡಿದರೆ ಎರಡು ಗಾಲಿಗಳೂ ನಿಲ್ಲುತ್ತವೆ, ನಿಜ. ಆದರೆ ಹಿಂದಿನ ಒಂದು ಗಾಲಿಯನ್ನು ಜಾಕಿಯಿಂದ ಎತ್ತಿದಿರಾದರೆ, ಡಿಫರೆನ್ಷಿಯಲ್ಲಿನ ಹಲ್ಲುಚಕ್ರಗಳ ಮೂಲಕ ಎತ್ತಿದ ಗಾಲಿ ಒಂದು ಕಡೆಗೂ ನೆಲದ ಗಾಲಿ ಇನ್ನೊಂದು ಕಡೆಗೂ ಉರುಳಬಲ್ಲವು. ದಂಡ ಕದಲದೆಯೇ ಲಾರಿ ಹೊರಟುಹೋಗುತ್ತದೆ!

ಈ ಕೊರತೆಯನ್ನು ನೀಗಲೆಂದು ಬಂದ ಸಾಧನವೇ ಬ್ರೇಕ್ ಲಾಕ್. ಪಾದದ ಕೆಳಗಿನ ಪ್ರಧಾನ ಸಿಲಿಂಡರಿನಿಂದ ಗಾಲಿಗಳಿಗೆ ಹೋಗುವ ನಾಳದ ನಡುವೆ ಒಂದು ಕವಾಟವನ್ನು ಇಡುತ್ತಾರೆ. ಅದರ ಸನ್ನೆಯನ್ನು ತಿರುಗಿಸಿ ಬ್ರೇಕನ್ನು ಬಲವಾಗಿ ಮೆಟ್ಟಿದರೆ, ದ್ರವವು ಗಾಲಿಗಳ ಕಡೆಗೆ ಹೋಗಬಲ್ಲುದು, ಹಿಂದಕ್ಕೆ ಬರಲಾರದು. ಪಾದವನ್ನು ತೆಗೆದರೂ ಒತ್ತಡವು ನಾಳದಲ್ಲಿ ಸೆರೆಯಾಗಿ ಉಳಿಯುತ್ತದೆ. ಸನ್ನೆಯನ್ನು ಹಿಂದಿರುಗಿಸಿದಾಗ ಬಿಡುಗಡೆ. ನಾಲ್ಕು ಗಾಲಿಗಳೂ ಒಮ್ಮೆಗೇ ಬಿಗಿಯುವುದರಿಂದ ಕೈಬ್ರೇಕಿಗಿಂತ ಇದರ ಹಿಡಿತ ಗಟ್ಟಿ. ಇಂಥದೊಂದು ಲಾಕ್ ಇದ್ದ ಲಾರಿ ನಮ್ಮ ಕಾರ್ಯಾಗಾರಕ್ಕೆ ಸೇರಿತ್ತು. ಚಾಲಕರಿಗೆ ಅದರ ಮೇಲೆ ಬಹಳ ಪ್ರೀತಿ.

ಒಂದು ದಿನ ಕೋಲಾರದ ಕಡೆಯ ಒಂದು ಹಳ್ಳಿಯಲ್ಲಿ ಪಂಪೆತ್ತುವ ಕೆಲಸ ನಡೆದಿತ್ತು. ಹೊಲದ ಬದುವಿನ ಸಣ್ಣ ಇಳಿಜಾರಿನಲ್ಲಿ ಲಾರಿ ನಿಂತಿತ್ತು. ಕೈಬ್ರೇಕು ಸವೆದಿತ್ತಾದರೂ ಎಳೆದಿದ್ದರು, ಲಾಕನ್ನೂ ಹಾಕಿದ್ದರು. ಊಟದ ಹೊತ್ತಿಗೆ ಕ್ಲೀನರ್ ಹುಡುಗನು ಗ್ರೀಸ್ ಹಚ್ಚಲೆಂದು ಲಾರಿಯ ಅಡಿಗೆ ನುಸುಳಿದ್ದನು. ನಾವು ಬೇವಿನ ಮರದ ಕೆಳಗೆ ಬುತ್ತಿಯನ್ನು ಬಿಚ್ಚುತ್ತಿದ್ದಾಗ, ಒಣಮರ ನರಳಿದಂಥ ಸದ್ದು ಕೇಳಿಸಿತು. ತಿರುಗಿ ನೋಡಿದೆವು. ಲಾರಿ ನಾಲ್ಕು ಬೆರಳಿನಷ್ಟು ಸರಿದು, ಹಿಂದಿನ ಗಾಲಿಗಳಿಗೆ ಕೊಟ್ಟಿದ್ದ ಎರಡು ಮರದ ತುಂಡುಗಳ ಮೇಲೆ ಒರಗಿ ನಿಂತಿತ್ತು. ಆ ತುಂಡುಗಳನ್ನು ಕೊಟ್ಟಿದ್ದವರು ನಮ್ಮ ಹಿರಿಯ ಮೇಸ್ತ್ರಿಗಳು. ಲಾಕ್ ಇರುವಾಗ ಇದೆಲ್ಲ ಏಕೆಂದು ಚಾಲಕನು ಬೆಳಗ್ಗೆ ನಕ್ಕಿದ್ದನು. ಹುಡುಗನು ಹೊರಕ್ಕೆ ಬಂದು ಮೈಮೇಲಿನ ಮಣ್ಣನ್ನು ಕೊಡವಿಕೊಂಡನು. ಯಾರೂ ನಗಲಿಲ್ಲ.

ಮೇಸ್ತ್ರಿಗಳು ಯಾರನ್ನೂ ಬಯ್ಯಲಿಲ್ಲ. ಆ ಸಂಜೆ ಕಾರ್ಯಾಗಾರದ ಸಮತಟ್ಟಾದ ಅಂಗಳದಲ್ಲಿ ಲಾರಿಯನ್ನು ನಿಲ್ಲಿಸಿ, ಬ್ರೇಕಿನ ನಾಳಕ್ಕೆ ಒಂದು ಒತ್ತಡಮಾಪಕವನ್ನು ಜೋಡಿಸಿದರು. ಲಾಕನ್ನು ಹಾಕಿಸಿ, ಮುಳ್ಳು ನಿಂತ ಜಾಗದಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದರು. ಮರುದಿನ ಬೆಳಗ್ಗೆ ನೋಡಿದರೆ ಮುಳ್ಳು ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ಒಂದು ಗಾಲಿಯ ಸಿಲಿಂಡರಿನ ರಬ್ಬರ್ ಬಟ್ಟಲು ಹಳತಾಗಿ, ಅದರ ಅಂಚಿನಲ್ಲಿ ದ್ರವ ಜಿನುಗಿತ್ತು. ಹೊರಗೆ ಕಂಡದ್ದು ಬರಿಯ ತೇವ, ತೊಟ್ಟಿಕ್ಕುವಷ್ಟೂ ಇರಲಿಲ್ಲ. ಬಟ್ಟಲುಗಳನ್ನು ಬದಲಿಸಿ ಮತ್ತೊಂದು ರಾತ್ರಿ ಪರೀಕ್ಷಿಸಿದರು. ಈ ಸಲ ಜಿನುಗಲಿಲ್ಲ. ಆದರೂ ಡಿಸೆಂಬರ್ ತಿಂಗಳ ಮುಂಜಾವಿನ ಚಳಿಗೆ ಮುಳ್ಳು ಗೆರೆಯಿಂದ ಕೆಳಕ್ಕೆ ಸರಿದಿತ್ತು. ಬಿಸಿಲೇರಿದಂತೆ ಅದು ಮತ್ತೆ ಮೇಲೇರುವುದನ್ನು ನಾವೆಲ್ಲ ಕಣ್ಣಾರೆ ಕಂಡೆವು.

ಇದರ ಕಾರಣ ಸರಳವಾದುದು. ದ್ರವವು ಬಹು ಸ್ವಲ್ಪ ಮಾತ್ರ ಕುಗ್ಗುವ ವಸ್ತು. ಅದು ಬ್ರೇಕಿಗೆ ಯೋಗ್ಯವಾಗಿರುವುದು ಈ ಗುಣದಿಂದಲೇ. ಲಾಕನ್ನು ದುರ್ಬಲಗೊಳಿಸುವುದೂ ಇದೇ ಗುಣ. ಸೆರೆಯಾದ ದ್ರವದಲ್ಲಿ ಕೆಲವು ಹನಿ ಕಡಿಮೆಯಾದರೂ, ತಂಪಿಗೆ ಅದು ತುಸು ಸಂಕೋಚಗೊಂಡರೂ ಒತ್ತಡವು ಬಹುವಾಗಿ ಇಳಿಯುತ್ತದೆ. ಇಳಿಜಾರಿಗಾದರೋ ದಣಿವೆಂಬುದಿಲ್ಲ. 20 ಅಡಿಗೆ 1 ಅಡಿ ಏರುವ ದಾರಿಯಲ್ಲಿ ನಿಂತ 10 ಟನ್ ಲಾರಿಯನ್ನು ಭೂಮಿಯು ಸುಮಾರು ಅರ್ಧ ಟನ್ ಬಲದಿಂದ ಕೆಳಕ್ಕೆ ಎಳೆಯುತ್ತಲೇ ಇರುತ್ತದೆ. ಊಟದ ಹೊತ್ತಿಗೂ ಬಿಡುವುದಿಲ್ಲ, ರಾತ್ರಿಯೂ ಬಿಡುವುದಿಲ್ಲ. ಲಾಕ್ ಎಂಬುದು ಕೈಬ್ರೇಕಿಗೆ ಜೊತೆಗಾರನೇ ಹೊರತು ಅದರ ಸ್ಥಾನದಲ್ಲಿ ಕೂಡತಕ್ಕದ್ದಲ್ಲ. ಚಾಲಕನು ಬಳಿಯಲ್ಲಿದ್ದು ಗಮನಿಸುವಷ್ಟು ಹೊತ್ತು ಅದು ಒಳ್ಳೆಯ ಸೇವಕ. ಬಿಟ್ಟುಹೋದ ಲಾರಿಗೆ ಅದನ್ನು ಕಾವಲಿಡುವುದು ಸಲ್ಲದು.

ಯಂತ್ರಶಾಸ್ತ್ರದ ಒಂದು ದೊಡ್ಡ ಪಾಠ ಇಲ್ಲಿ ಅಡಗಿದೆ. ಅಮೆರಿಕದ ಜಾರ್ಜ್ ವೆಸ್ಟಿಂಗ್‌ಹೌಸ್ 1869ರಲ್ಲಿ ರೈಲಿಗೆ ಗಾಳಿಯ ಬ್ರೇಕನ್ನು ತಂದನು. ಅದರಲ್ಲಿ ಗಾಳಿಯ ನಾಳ ಒಡೆದರೆ ಬ್ರೇಕೇ ಇಲ್ಲವಾಗುತ್ತಿತ್ತು. 1872ರಲ್ಲಿ ಅವನು ಅದನ್ನು ತಿರುಗುಮುರುಗು ಮಾಡಿದನು: ನಾಳದಲ್ಲಿ ಒತ್ತಡವಿರುವಾಗ ಬ್ರೇಕು ಬಿಟ್ಟಿರುತ್ತದೆ, ಒತ್ತಡ ಹೋದರೆ ಬ್ರೇಕು ತಾನಾಗಿ ಬೀಳುತ್ತದೆ. ಇಂದಿನ ಭಾರಿ ಲಾರಿಗಳ ಸ್ಪ್ರಿಂಗ್ ಬ್ರೇಕು ಇದೇ ದಾರಿಯದು. ಅಲ್ಲಿ ಗಾಲಿಯನ್ನು ಹಿಡಿದಿರುವುದು ಉಕ್ಕಿನ ಸುರುಳಿ. ಅದನ್ನು ಬಿಡಿಸಲು ಗಾಳಿ ಬೇಕು. ಗಾಳಿ ಸೋರಿದರೆ ಲಾರಿ ಹೊರಡುವುದಿಲ್ಲ, ಮತ್ತಷ್ಟು ಬಿಗಿದು ನಿಲ್ಲುತ್ತದೆ. ಬ್ರೇಕ್ ಲಾಕಿನ ಗುಣ ಇದಕ್ಕೆ ವಿರುದ್ಧವಾದುದು. ಅದು ಸೋತರೆ ಬಿಟ್ಟುಕೊಡುತ್ತದೆ. ಸೋತಾಗಲೂ ಮನುಷ್ಯನನ್ನು ಕಾಯುವ ಸಾಧನ ಯಾವುದು, ಸೋತಾಗ ಅವನನ್ನು ಕೈಬಿಡುವ ಸಾಧನ ಯಾವುದು ಎಂಬ ವಿವೇಚನೆ ಯಂತ್ರದ ಬಳಿ ದುಡಿಯುವ ಪ್ರತಿಯೊಬ್ಬನಿಗೂ ಅಗತ್ಯ.

ನಮ್ಮ ದೇಶದ 1988ರ ಮೋಟಾರು ವಾಹನ ಅಧಿನಿಯಮದ 126ನೆಯ ಪ್ರಕರಣವೂ ಇದನ್ನೇ ವಿಧಿಸುತ್ತದೆ. ಚಾಲಕನ ಪೀಠದಲ್ಲಿ ಲೈಸೆನ್ಸುಳ್ಳವನು ಇಲ್ಲದಿದ್ದರೆ, ಯಂತ್ರವನ್ನು ನಿಲ್ಲಿಸಿ ಬ್ರೇಕು ಹಾಕಿ, ಇಲ್ಲವೆ ಬೇರೆ ಉಪಾಯ ಮಾಡಿ, ವಾಹನವು ಆಕಸ್ಮಿಕವಾಗಿ ಚಲಿಸದಂತೆ ನೋಡಿಕೊಳ್ಳಬೇಕು. ಮರದ ತುಂಡು ಅಂಥ ಉಪಾಯಗಳಲ್ಲಿ ಅತ್ಯಂತ ಸರಳವಾದುದು. ಅದರಲ್ಲಿ ಸೋರುವುದಕ್ಕೆ ಏನೂ ಇಲ್ಲ.

ಆದರೆ ಕೊಟ್ಟ ಅಡ್ಡವನ್ನು ತೆಗೆಯುವುದೂ ಕೊಟ್ಟವನದೇ ಕರ್ತವ್ಯ. ಕೆಟ್ಟು ನಿಂತ ಲಾರಿ ಹೊರಟುಹೋದ ಮೇಲೆ ನಮ್ಮ ಹೆದ್ದಾರಿಗಳಲ್ಲಿ ದಪ್ಪ ಕಲ್ಲುಗಳು ಹಾಗೆಯೇ ಬಿದ್ದಿರುವುದನ್ನು ನೀವೂ ಕಂಡಿರಬಹುದು. ತಮ್ಮ ಪ್ರಾಣ ಉಳಿಸಿದ ಕಲ್ಲು, ಕತ್ತಲಲ್ಲಿ ಬರುವ ಸೈಕಲ್ ಸವಾರನ ಪ್ರಾಣಕ್ಕೆ ಎರವಾಗಬಹುದೆಂದು ಅವರು ಯೋಚಿಸಿರುವುದಿಲ್ಲ. ನಮ್ಮ ಮೇಸ್ತ್ರಿಗಳು ತಮ್ಮ ಎರಡು ತುಂಡುಗಳಿಗೂ ಹಗ್ಗ ಕಟ್ಟಿ, ಹಗ್ಗದ ತುದಿಯನ್ನು ಲಾರಿಯ ಕೊಂಡಿಗೆ ಸಿಕ್ಕಿಸಿರುತ್ತಿದ್ದರು. ಕೆಲಸ ಮುಗಿದ ಮೇಲೆ ಅವುಗಳನ್ನು ಎಳೆದು, ಮಣ್ಣು ಒರೆಸಿ, ಚಾಲಕನ ಪೀಠದ ಹಿಂದೆ ಜೋಡಿಸಿಟ್ಟ ಅನಂತರವೇ ಹೊರಡಲು ಕೈಸನ್ನೆ ಮಾಡುತ್ತಿದ್ದರು.