ಎಣ್ಣೆಯ ಬಿರಡೆ

ಯಂತ್ರಗಳ ವಿಷಯದಲ್ಲಿ ನಮಗೆ ಪರಿಶ್ರಮವಿಲ್ಲವೆಂಬುದನ್ನು ವಾಚಕ ಮಹಾಶಯರಲ್ಲಿ ಮೊದಲೇ ಅರಿಕೆ ಮಾಡಿಕೊಳ್ಳುತ್ತೇವೆ. ಮೂವತ್ತು ವರ್ಷಕ್ಕೆ ಮೇಲ್ಪಟ್ಟು ಮಕ್ಕಳಿಂದ ಶಬ್ದರೂಪಗಳನ್ನು ಹೇಳಿಸುತ್ತಿದ್ದ ನಮಗೆ, ತೀರ್ಥರೂಪರು ಬಿಟ್ಟುಹೋದ ಹಳೆಯ ಟ್ರ್ಯಾಕ್ಟರೊಂದು ನಿವೃತ್ತಿಯ ಮೇಲೆ ಗಂಟುಬಿದ್ದಿತು. ಅದು ಎಚ್.ಎಂ.ಟಿ.ಯವರ ಝೀಟರ್ ೨೫೧೧. ೧೯೭೧ರಿಂದ ಪಿಂಜೋರಿನಲ್ಲಿ ತಯಾರಾದ ಜಾತಿ, ಇಪ್ಪತ್ತೈದು ಕುದುರೆಗಳ ಬಲದ್ದು. ಅಲ್ಲಿಯ ಟ್ರ್ಯಾಕ್ಟರ್ ಕಾರ್ಖಾನೆಯನ್ನು ಮುಚ್ಚಲು ೨೦೧೬ರಲ್ಲಿ ನಿರ್ಣಯವಾಯಿತಾದ ಕಾರಣ, ಅದರ ಒಂದೊಂದು ಭಾಗವನ್ನೂ ಜೋಪಾನ ಮಾಡಬೇಕಾಗಿದೆ.

ಕಳೆದ ಮುಂಗಾರಿಗೆ ಮುಂಚೆ ಎಂಜಿನ್ನಿನ ಎಣ್ಣೆ ಕಾಡಿಗೆಯಂತಾಗಿತ್ತು. ಅದನ್ನಿಳಿಸಲು ತಳದ ತೊಟ್ಟಿಗೆ ಕೆಳಗಿನಿಂದ ತಿರುಪಿದ ಆರು ಮೂಲೆಯ ಬಿರಡೆಯೊಂದುಂಟು. ಪ್ರತಿಸಲವೂ ಈ ಕೆಲಸ ಮಾಡುತ್ತಿದ್ದವನು ನಮ್ಮ ಹೊಲ ನೋಡಿಕೊಳ್ಳುವ ಆಳು. ಆತನು ನಮಗಿಂತ ಹಿರಿಯನಾದುದರಿಂದ ನಾವು ಚಿಕ್ಕಂದಿನಿಂದಲೂ 'ಅಣ್ಣ' ಎಂದೇ ಕರೆಯುವುದು ವಾಡಿಕೆ. ಆ ದಿನ ಆತನು ನೆಂಟರ ಮದುವೆಗೆ ಹೋಗಿದ್ದನು. ಕಾಯುವ ತಾಳ್ಮೆ ನಮಗಿಲ್ಲದೆ ಹೋಯಿತು. ನೆಲದಲ್ಲಿ ಮಲಗುವುದಕ್ಕೆ ಬಿಳಿಯ ಪಂಚೆ ಅಡ್ಡಬಂದಿತಾಗಿ, ಗಾಲಿಯ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು, ಕೈಯನ್ನು ಒಳಗೆ ಚಾಚಿ, ತಡಕಿ ಸ್ಪ್ಯಾನರನ್ನು ಕೂಡಿಸಿ ಎಡಕ್ಕೆ ತಿರುಗಿಸಿದೆವು. ಅದು ಕದಲಲಿಲ್ಲ. ಸ್ಪ್ಯಾನರಿನ ಹಿಡಿಗೆ ಕಬ್ಬಿಣದ ಕೊಳವೆ ಸಿಕ್ಕಿಸಿ ಮೈಭಾರವನ್ನೆಲ್ಲ ಹಾಕಿದೆವು. ಸ್ಪ್ಯಾನರು ಜಾರಿತು, ಬೆರಳಿನ ಗೆಣ್ಣುಗಳ ಚರ್ಮ ಸುಲಿಯಿತು, ಬಿರಡೆಯ ಮೂಲೆಗಳು ಸವೆದು ಅಡಕೆಯಂತೆ ಗುಂಡಗಾದುವು.

ಸಂಜೆ ಆತನು ಬಂದೊಡನೆ, ಮನೆಮಂದಿಯೆಲ್ಲ ಕೇಳುವಂತೆ, "ಯಾಕಣ್ಣ ಹೀಗೆ ಬಿಗಿದಿಟ್ಟೆ? ವಯಸ್ಸಾದ ಮೇಲೆ ಕೈಗೆ ಹದ ತಪ್ಪಿತೇ?" ಎಂದುಬಿಟ್ಟೆವು. "ಅಷ್ಟು ಬಿಗಿದಿಲ್ಲ ಮೇಷ್ಟ್ರೇ" ಎಂದನು. ಮರುದಿನ ಆತನು ಬರಲಿಲ್ಲ. ಅದರ ಮರುದಿನವೂ ಇಲ್ಲ.

ಮೂರನೆಯ ದಿನ ತಿಪಟೂರು ರಸ್ತೆಯಲ್ಲಿ ಗ್ಯಾರೇಜು ಇಟ್ಟಿರುವ ನಮ್ಮ ಹಳೆಯ ಶಿಷ್ಯನನ್ನು ಕರೆಸಿದೆವು. (ಸಂಸ್ಕೃತದಲ್ಲಿ ಅವನಿಗೆ ಪಾಸಾಗುವಷ್ಟು ಅಂಕ ಕೊಡಲು ನಾವು ಬಹಳ ಹಿಂದೆಮುಂದೆ ನೋಡಿದ್ದುಂಟು.) ಅವನು ಗೋಣಿತಟ್ಟು ಹಾಸಿ ಅಡಿಯಲ್ಲಿ ಮಲಗಿ ನೋಡಿ, "ಮೇಷ್ಟ್ರೇ, ಯಾವ ಕಡೆಗೆ ತಿರುಗಿಸಿದ್ರಿ?" ಎಂದನು.

"ಎಡಕ್ಕೆ, ಅಪ್ರದಕ್ಷಿಣವಾಗಿ. ತಿರುಪು ಬಿಚ್ಚುವ ಕ್ರಮ ಅದೇ ಅಲ್ಲವೇನಯ್ಯ?"

"ಬಿರಡೆಗೆ ಮುಖ ಮಾಡಿದೋರಿಗೆ ಹೌದು. ನೀವು ಕೂತಿದ್ದು ಅದರ ಬೆನ್ನ ಕಡೆ."

ಗಡಿಯಾರವನ್ನು ಹಿಂದಿನಿಂದ ನೋಡಬಲ್ಲವನಿಗೆ ಮುಳ್ಳುಗಳು ಅಪ್ರದಕ್ಷಿಣವಾಗಿಯೇ ಸುತ್ತುತ್ತವೆಯಷ್ಟೆ. ನಾವು ಬಿಚ್ಚುತ್ತಿದ್ದೇವೆಂದುಕೊಂಡು ಮೈಭಾರ ಹಾಕಿದ್ದೆಲ್ಲವೂ ಬಿಗಿಯುವುದಕ್ಕೇ! ನಮಗೆ ಮಾತು ಹೊರಡಲಿಲ್ಲ.

ಅವನು ತಂತಿಯ ಬ್ರಷ್ಷಿನಿಂದ ಮಣ್ಣು ತೆಗೆದು, ತುಕ್ಕು ಬಿಡಿಸುವ ಎಣ್ಣೆಯನ್ನು ಸಂದಿಗೆ ಉಣಿಸಿ, ಬಹಳ ಹೊತ್ತು ಸುಮ್ಮನೆ ಕುಳಿತನು. ಆಮೇಲೆ ಬಿರಡೆಯ ತಲೆಗೆ ಸುತ್ತಿಗೆಯಿಂದ ನಾಲ್ಕಾರು ನೇರವಾದ ಸಣ್ಣ ಪೆಟ್ಟು. ಒಂದಳತೆ ಚಿಕ್ಕದಾದ ಬಾಕ್ಸ್ ಸ್ಪ್ಯಾನರನ್ನು ಬಡಿದು ಕೂಡಿಸಿದನು, ಅದೂ ಜಾರಿತು. ಇನ್ನಷ್ಟು ಬಲ ಹಾಕೆಂದು ನಾವು ಹೇಳಲು, ತೊಟ್ಟಿಯ ಒಳಗಿನ ಎಳೆಗಳು ಕಿತ್ತುಬಂದರೆ ಹೊಸ ತೊಟ್ಟಿ ಎಲ್ಲಿಂದ ತರುವುದೆಂದು ಕೇಳಿ, ಅರವನ್ನು ತೆಗೆದುಕೊಂಡು ಗುಂಡಗಾದ ತಲೆಯ ಎದುರುಬದುರು ಎರಡು ಪಕ್ಕಗಳನ್ನು ಚಪ್ಪಟೆಯಾಗುವಂತೆ ಉಜ್ಜತೊಡಗಿದನು. ಹೆಚ್ಚು ಕಡಿಮೆ ಒಂದು ಗಂಟೆ ಹಿಡಿಯಿತು. ಎಣ್ಣೆ ತೆಳುವಾಗಿ ಕಸವನ್ನೂ ಹೊತ್ತು ಇಳಿಯಲೆಂದು ಎಂಜಿನ್ನನ್ನು ಸ್ವಲ್ಪ ಹೊತ್ತು ಓಡಿಸಿ ನಿಲ್ಲಿಸಿ, ಪೈಪ್ ರೆಂಚಿನಿಂದ ಕಚ್ಚಿಸಿ ಎಳೆದನು. 'ಟಕ್' ಎಂದಿತು. ಕಪ್ಪು ಎಣ್ಣೆ ತಗಡಿನ ಬೋಗುಣಿಗೆ ಧಾರೆಯಾಗಿ ಇಳಿಯಿತು.

ಅದೇ ಸಂಜೆ ಆತನ ಮನೆಗೆ ಹೋದೆವು. ಜಗಲಿಯ ಮೇಲೆ ಹಗ್ಗ ಹೊಸೆಯುತ್ತಿದ್ದನು. "ತಪ್ಪು ನಮ್ಮದಣ್ಣ, ಬಿಗಿದವರೂ ನಾವೇ" ಎಂದೆವು. ಹೆಂಡತಿಯನ್ನೂ ಮಗನನ್ನೂ ಹೊರಕ್ಕೆ ಕರೆದು, ಅವರೆದುರಿನಲ್ಲಿ ಇನ್ನೊಮ್ಮೆ ಹೇಳಿದೆವು. ಆತನು ಹಗ್ಗವನ್ನು ಕೆಳಗಿಟ್ಟು, "ಎಣ್ಣೆ ಇಳೀತಾ?" ಎಂದಷ್ಟೇ ಕೇಳಿದನು.

ಬೆಳಗ್ಗೆ ಬಂದು, ಹೊಸ ಬಿರಡೆಗೆ ಹೊಸ ತಾಮ್ರದ ವಾಷರು ತೊಡಿಸಿ, ಬೆರಳಿನಲ್ಲಿಯೇ ಕೊನೆಯವರೆಗೆ ತಿರುಪಿ, ಸ್ಪ್ಯಾನರನ್ನು ನಮ್ಮ ಕೈಗೆ ಕೊಟ್ಟು ಗೋಣಿತಟ್ಟನ್ನು ತೋರಿಸಿದನು. "ಮಲಗಿ ಬಿಗೀರಿ ಮೇಷ್ಟ್ರೇ. ಸಾಕು ಅಂದಾಗ ಬಿಡಿ." ಪಂಚೆಯನ್ನು ಮೇಲಕ್ಕೆ ಕಟ್ಟಿ ಮಲಗಿದೆವು.